ಪ್ರೌಢಶಾಲೆಗಳಲ್ಲಿ ಪರದೇಶಭಾಷೆಗಳ ವ್ಯಾಸಂಗ

(ವಿದ್ಯಾನಗರದಲ್ಲಿ ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈಚೆಗೆ ಭದ್ರಾವತಿಯ ಭಕ್ತರೊಬ್ಬರು ಮಗಳೊಡನೆ ಶ್ರೀಮಠಕ್ಕೆ ಬಂದು, “ಶಾಸ್ತ್ರಿಗಳೇ, ಮಗು ಪ್ರೌಢಶಾಲೆಗೆ ಸೇರುವಳು. ಫ್ರೆಂಚ್ ತೆಗೆದುಕೊಂಡರೆ ಅಂಕ ಸುಲಭವಾಗಿ ಬರುವುದಂತೆ. ಕನ್ನಡವನ್ನು ಮನೆಯಲ್ಲಿ ಆಡುತ್ತಲೇ ಇರುವೆವಷ್ಟೆ. ಅದರ ಪಾಠದ ಕಡೆ ಗಮನ ಕಡಮೆಯಾದರೆ ದೋಷವೇನು?” ಎಂದು ಕೇಳಿದರು. ಆ ಹೊತ್ತಿಗೆ ತಕ್ಕ ಉತ್ತರವನ್ನು ಕೊಡಲು ನಾನು ಶಕ್ತನಾಗಲಿಲ್ಲ. ಇಂದಿನ ಈ ಮಾತುಗಳೇ ಆ ಉತ್ತರವೆಂದು ಭಾವಿಸತಕ್ಕದ್ದು.

ಪರದೇಶದ ಭಾಷೆಗಳ ಗೊಡವೆ ಮಠಕ್ಕೇಕೆಂದು ಕೆಲವರು ಶಂಕಿಸಬಹುದು. ನಮ್ಮ ಜಿಲ್ಲೆಯದೇ ಆದ ಬಳ್ಳಿಗಾವಿಯು ಅಲ್ಲಮಪ್ರಭುದೇವರ ಜನ್ಮಸ್ಥಳ. ಅಲ್ಲಿ ಕಾಳಾಮುಖ ಶೈವರ ಕೋಡಿಯಮಠವಿದ್ದಿತು. 1162ರ ಶಾಸನವು ಆ ಮಠವನ್ನು ವರ್ಣಿಸುವಾಗ ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ಹಲವು ವ್ಯಾಕರಣಗಳನ್ನೂ ಷಡ್ದರ್ಶನಗಳನ್ನೂ ವ್ಯಾಖ್ಯಾನಿಸುವ ಸ್ಥಾನವೆಂದೂ, ದೀನರಿಗೆ ಅನ್ನವನ್ನೂ ರೋಗಿಗಳಿಗೆ ಚಿಕಿತ್ಸೆಯನ್ನೂ ಒದಗಿಸುವ ಸ್ಥಾನವೆಂದೂ ಹೇಳುತ್ತದೆ. ಒಂದೇ ವ್ಯಾಕರಣದಿಂದ ತೃಪ್ತರಾಗದಿದ್ದ ಆ ಹಿರಿಯರ ನೆಲದಲ್ಲಿ ಭಾಷಾವಿಚಾರವು ಮಠಕ್ಕೆ ಹೊರಗಿನದೆಂದು ಹೇಳಲಾಗದು.

ಕೇಂದ್ರ ಸರ್ಕಾರದ 2020ರ ಶಿಕ್ಷಣನೀತಿಯು ಪ್ರೌಢಶಾಲೆಯ ಹಂತದಲ್ಲಿ ಕಲಿಸಬಹುದಾದ ಭಾಷೆಗಳೆಂದು ಕೊರಿಯನ್, ಜಪಾನೀ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಇವುಗಳನ್ನು ಹೆಸರಿಸಿದೆ. ಮಕ್ಕಳು ಕಲಿಯುವ ಮೂರು ಭಾಷೆಗಳಲ್ಲಿ ಎರಡಾದರೂ ಭಾರತದವಾಗಿರಬೇಕೆಂದೂ ಅದೇ ನೀತಿಯು ವಿಧಿಸಿದೆ. ನಮ್ಮ ರಾಜ್ಯದ 2015ರ ಕನ್ನಡ ಭಾಷಾ ಕಲಿಕೆಯ ಕಾಯಿದೆಯಂತೆ ಕನ್ನಡವು ಒಂದನೆಯ ಅಥವಾ ಎರಡನೆಯ ಭಾಷೆಯಾಗಿ ಇದ್ದೇ ಇರಬೇಕು. ಹಾಗಾದರೆ ಈ ಎಂಟರಲ್ಲಿ ನಮ್ಮ ಮಕ್ಕಳಿಗೆ ಯಾವುದು ಹಿತ? ನನ್ನ ಅಲ್ಪಮತಿಗೆ ತೋರುವಂತೆ ಜಪಾನೀ ಮತ್ತು ಜರ್ಮನ್ ಇವೆರಡು.

ಜಪಾನೀ ಭಾಷೆಯಲ್ಲಿ “ವತಾಶಿ ವ ಹೊನ್ ಒ ಯೊಮು” ಎಂದರೆ “ನಾನು ಪುಸ್ತಕವನ್ನು ಓದುವೆನು” ಎಂದರ್ಥ. ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕಡೆಗೆ; ‘ಹೊನ್’ ಎಂದರೆ ಪುಸ್ತಕ, ಅದರ ಹಿಂದೆ ಬರುವ ‘ಒ’ ಎಂಬುದು ನಮ್ಮ ‘ಅನ್ನು’ ಪ್ರತ್ಯಯದ ಸ್ಥಾನದಲ್ಲಿರುವುದು. ಲಿಪಿಯು ಮಾತ್ರ ಕಷ್ಟಸಾಧ್ಯ. ಅಲ್ಲಿಯ ಮಕ್ಕಳೇ ಶಾಲೆಯಲ್ಲಿ 2,136 ಚಿತ್ರಾಕ್ಷರಗಳನ್ನು ಕಲಿಯಬೇಕು. ಜರ್ಮನ್ ಭಾಷೆಯ ವಿಚಾರ ಬೇರೆ. ಅದರಲ್ಲಿ ನಾಲ್ಕು ವಿಭಕ್ತಿಗಳೂ ಸಂಸ್ಕೃತದಂತೆಯೇ ಮೂರು ಲಿಂಗಗಳೂ ಉಂಟು. ಹುಡುಗಿ ಎಂಬರ್ಥದ ‘ಮೇಡ್‌ಶೆನ್’ ಶಬ್ದವು ಆ ಭಾಷೆಯಲ್ಲಿ ನಪುಂಸಕಲಿಂಗ. ಪತ್ನಿ ಎಂಬರ್ಥದಲ್ಲಿ ‘ದಾರ’ ಪುಲ್ಲಿಂಗವೆಂದೂ ‘ಕಲತ್ರ’ ನಪುಂಸಕವೆಂದೂ ಪಾಠಶಾಲೆಯಲ್ಲಿ ಕಲಿತವನಿಗೆ ಇದರಿಂದ ಆಶ್ಚರ್ಯವಾಗದು.

ಇದರಿಂದ ಸಿದ್ಧವಾಗುವುದೇನು? ಕನ್ನಡದ ವಿಭಕ್ತಿಪ್ರತ್ಯಯಗಳನ್ನು ಚೆನ್ನಾಗಿ ತಿಳಿದ ಮಗುವಿಗೆ ಪರಭಾಷೆಯ ಬಾಗಿಲು ಅರ್ಧ ತೆರೆದೇ ಇರುವುದು. ಅದನ್ನು ತಿಳಿಯದ ಮಗು ಪ್ರತಿಯೊಂದು ವಾಕ್ಯವನ್ನೂ ಉರುಹೊಡೆಯಬೇಕಾಗುವುದು. ಮನೆಯಲ್ಲಿ ಆಡುವ ಕನ್ನಡ ಬೇರೆ, ವ್ಯಾಕರಣಸಹಿತವಾಗಿ ಓದುವ ಕನ್ನಡ ಬೇರೆ. ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಈ ದೇಶಕ್ಕೆ ಬಂದ ಕಿಟ್ಟೆಲ್ ಪಂಡಿತರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. ಆ ಬಳಿಕ 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಲೋಕಕ್ಕೆ ಕೊಟ್ಟರು. ಪರದೇಶೀಯರು ನಮ್ಮ ವ್ಯಾಕರಣಕ್ಕೆ ಇಷ್ಟು ಶ್ರಮಪಟ್ಟಿರಲು, ನಾವೇ ಅದನ್ನು ಉಪೇಕ್ಷಿಸುವುದು ನ್ಯಾಯವೇ?

ಇನ್ನೊಂದು ಮಾತು. 2014ರ ಕೊನೆಯಲ್ಲಿ ಕೇಂದ್ರೀಯ ವಿದ್ಯಾಲಯಗಳ 6ರಿಂದ 8ನೆಯ ತರಗತಿಗಳಲ್ಲಿ ಮೂರನೆಯ ಭಾಷೆಯಾಗಿದ್ದ ಜರ್ಮನ್ ವರ್ಷದ ನಡುವೆಯೇ ನಿಂತು, ಆ ಸ್ಥಾನಕ್ಕೆ ಸಂಸ್ಕೃತ ಬಂದಿತು. ನಾನು ಸಂಸ್ಕೃತದ ಅನ್ನವನ್ನು ಉಂಡವನು, ಆದರೂ ಸಂತೋಷಪಡಲಿಲ್ಲ. ಅರ್ಧ ಕಲಿತ ಪಾಠವನ್ನು ಮಗುವಿನ ಕೈಯಿಂದ ಕಸಿದು ಕೊಡುವ ವಿದ್ಯೆಯಲ್ಲಿ ಪ್ರೀತಿ ಹುಟ್ಟದು. ಆದುದರಿಂದ ಶಾಲೆಯವರು ಯಾವ ಭಾಷೆಯನ್ನು ಆರಂಭಿಸಿದರೂ, ಮೂರು ನಾಲ್ಕು ವರ್ಷ ನಿಂತು ಕಲಿಸುವ ಸಮರ್ಥ ಉಪಾಧ್ಯಾಯರನ್ನು ಮೊದಲು ದೊರಕಿಸಿಕೊಳ್ಳಲಿ. ಅಂಥವರು ದೊರೆಯದಿದ್ದರೆ ಆರಂಭಿಸದಿರುವುದೇ ಲೇಸು. ಜಪಾನೀ, ಜರ್ಮನ್ ಕಲಿಸುವವರಿಲ್ಲದೆ ಫ್ರೆಂಚ್ ಬಲ್ಲ ಒಳ್ಳೆಯ ಗುರುವಿದ್ದರೆ ಫ್ರೆಂಚೇ ಆಗಲಿ. ಅಂಕದ ಆಸೆಯಿಂದ ಮಾತ್ರ ಬೇಡ.

ಭದ್ರಾವತಿಯ ಆ ಭಕ್ತರಿಗೆ ನನ್ನ ಉತ್ತರವಿಷ್ಟೆ: ಮಗಳಿಗೆ ಪರಭಾಷೆಯನ್ನು ಅವಶ್ಯವಾಗಿ ಕಲಿಸಿರಿ, ಆದರೆ ಕನ್ನಡದ ವ್ಯಾಕರಣವನ್ನು ಅದರ ಮೊದಲನೆಯ ಪಾಠವೆಂದು ತಿಳಿಯಿರಿ. ಸಾಯಂಕಾಲ ಮಗು ಮಠಕ್ಕೆ ಬಂದರೆ ಆ ಮೊದಲನೆಯ ಪಾಠವನ್ನು ನಾನೇ ಹೇಳಿಕೊಡುವೆನು.