ಕಾಲವನ್ನು ನಮೂದಿಸುವ ಬಗೆ
(ಬಾನುಲಿ ಭಾಷಣ)

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸರು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟವಾಗಿ ಹೊರತಂದರು. ಹೊಸನಗರದ ಶಾಸನಗಳು ಅಲ್ಲಿ ‘ನಗರ’ವೆಂಬ ಹೆಸರಿನಡಿ ಇವೆ. ಆ ಸಂಪುಟವನ್ನು ತಿರುವಿ ಹಾಕಿದವರಿಗೆ ನಮ್ಮ ಹಿರಿಯರು ಕಾಲವನ್ನು ನಮೂದಿಸುವುದರಲ್ಲಿ ವಹಿಸುತ್ತಿದ್ದ ಎಚ್ಚರ ಮನವರಿಕೆಯಾಗುತ್ತದೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಕೆಲವೆಡೆ ಸಂಕ್ರಮಣ, ಗ್ರಹಣಗಳೂ ಉಂಟು. ಹುಂಚದ ಪಂಚಕೂಟ ಬಸದಿಯ ಶಾಸನ ಶಕವರ್ಷ 999ರದು, ಎಂದರೆ ಕ್ರಿ.ಶ. 1077ರದು, ಅದು ಪಿಂಗಳ ಸಂವತ್ಸರ. ಸಂವತ್ಸರವಾದರೋ ಅರುವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಹೆಸರೊಂದನ್ನೇ ಕೆತ್ತಿದ್ದರೆ ಅದು ಅಜ್ಜನ ಪಿಂಗಳವೋ ಮೊಮ್ಮಗನ ಪಿಂಗಳವೋ ತಿಳಿಯದು. ಶಕವರ್ಷ ಜೊತೆಗಿದ್ದರೆ ಸಂದೇಹ ಹರಿಯುತ್ತದೆ. ತಿಥಿವಾರಗಳಿದ್ದರೆ ಗಣಿತದಿಂದ ತಾಳೆ ನೋಡಬಹುದು. ಕಾಲೋಲ್ಲೇಖವೇ ಇಲ್ಲದ ಕಲ್ಲು ಸಿಕ್ಕಾಗ ವಿದ್ವಾಂಸರು ಲಿಪಿಯನ್ನು ನೋಡಿ ‘ಸುಮಾರು ಹನ್ನೆರಡನೆಯ ಶತಮಾನ’ ಎನ್ನುತ್ತಾರೆಯೇ ಹೊರತು ತಿಥಿಯನ್ನು ಕಲ್ಪಿಸುವುದಿಲ್ಲ.

ಇಂದು ನಮ್ಮ ಪಹಣಿಯೂ ಜನನ ಮರಣಗಳ ಲೆಕ್ಕವೂ ಗಣಕಯಂತ್ರದ ಕೋಷ್ಟಕಗಳನ್ನು ಸೇರಿವೆ. ಕೋಷ್ಟಕವನ್ನು ರಚಿಸುವವನು ಕಾಲದ ಅಂಕಣಕ್ಕೆ ಎರಡು ಕಟ್ಟಳೆಗಳನ್ನು ವಿಧಿಸಬಹುದು. ಬರೆಯುವವನು ಏನನ್ನೂ ತುಂಬದಿದ್ದರೆ ಯಂತ್ರ ತಾನಾಗಿ ಏನನ್ನು ತುಂಬಬೇಕು ಎಂಬುದು ಒಂದು. ಸೆಕೆಂಡನ್ನು ಎಷ್ಟು ಸೂಕ್ಷ್ಮವಾಗಿ ಒಡೆಯಬೇಕು ಎಂಬುದು ಇನ್ನೊಂದು. ಪೋಸ್ಟ್‌ಗ್ರೆಸ್ ಎಂಬ ವ್ಯವಸ್ಥೆ, ನಾವು ಏನೂ ಹೇಳದಿದ್ದರೆ, ಆರು ದಶಾಂಶ ಸ್ಥಾನಗಳನ್ನು ಇಡುತ್ತದೆ. ಮೈಎಸ್‌ಕ್ಯೂಎಲ್ ಒಂದನ್ನೂ ಇಡದು, ಕೇಳಿದರೆ ಆರರವರೆಗೆ ಇಡುತ್ತದೆ. ಅಲ್ಲಿ ಅಂಕಣದ ಸೂಕ್ಷ್ಮತೆಗೂ ತಾನಾಗಿ ತುಂಬುವ ವೇಳೆಯ ಸೂಕ್ಷ್ಮತೆಗೂ ಹೊಂದಿಕೆಯಿರಬೇಕು. ಇಲ್ಲವಾದರೆ ಕೋಷ್ಟಕವೇ ನಿರ್ಮಾಣವಾಗದು.

ಈ ಸೌಕರ್ಯದ ಬೆನ್ನಿಗೇ ಒಂದು ಅಪಾಯವಿದೆ. ಯಂತ್ರ ತುಂಬುವುದು ಬರೆದ ಗಳಿಗೆಯನ್ನು, ಘಟನೆ ನಡೆದ ಗಳಿಗೆಯನ್ನಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಂಟಿಮನೆಯೊಂದರಲ್ಲಿ ಹುಟ್ಟಿದ ಮಗುವಿನ ಸುದ್ದಿ ಕಚೇರಿಗೆ ಮುಟ್ಟಲು ದಿನಗಳು ಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯ ವ್ಯವಸ್ಥೆಯಲ್ಲಿ ಇದಕ್ಕೆ 21 ದಿನಗಳ ಅವಕಾಶವಿದೆ. ಪ್ರಮಾಣಪತ್ರದಲ್ಲಿ ಜನನದ ದಿನವೂ ನೋಂದಣಿಯ ದಿನವೂ ಬೇರೆ ಬೇರೆಯಾಗಿಯೇ ಇರುತ್ತವೆ. ಇವೆರಡನ್ನು ಒಂದೇ ಅಂಕಣದಲ್ಲಿ ಬೆರೆಸಿದರೆ ಸೆಕೆಂಡಿನ ಆರು ದಶಾಂಶಗಳೂ ಸುಳ್ಳಿಗೆ ಹೊದಿಸಿದ ಅಲಂಕಾರವಾದಾವು.

ಕೇಂದ್ರ ಸರ್ಕಾರದ 1963ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಒಂದು ವಿಧಿಯಿತ್ತು: ನೌಕರನಿಗೆ ಹುಟ್ಟಿದ ವರ್ಷ ಮಾತ್ರ ತಿಳಿದಿದ್ದರೆ ಜುಲೈ 1, ತಿಂಗಳೂ ತಿಳಿದಿದ್ದರೆ ಆ ತಿಂಗಳ 16. ನಿವೃತ್ತಿಯನ್ನು ಎಣಿಸಲು ಯಾವುದಾದರೂ ಒಂದು ದಿನ ಬೇಕೇಬೇಕು. ಆದ್ದರಿಂದ ಈ ವಿಧಿ ನ್ಯಾಯವೇ. ಆದರೆ ಅದು ಲೆಕ್ಕದ ದಿನ, ತಾಯಿ ಹೆತ್ತ ದಿನವಲ್ಲ. ಈ ಭೇದವನ್ನು ಪಕ್ಕದಲ್ಲಿ ಬರೆದಿಡದಿದ್ದರೆ, ನೂರು ವರ್ಷಗಳ ತರುವಾಯ ಲೆಕ್ಕ ತೆಗೆಯುವವನು ಜುಲೈ 1ರಂದೇ ಇಷ್ಟು ಜನ ಹುಟ್ಟಿದರೇ ಎಂದು ಬೆರಗಾದಾನು. ಬಹುತೇಕ ಯಂತ್ರಗಳು ಸೊನ್ನೆಯನ್ನು ಕಾಲವೆಂದು ಓದಿ, ನಮ್ಮ ದೇಶದಲ್ಲಿ 1970ರ ಜನವರಿ 1, ಬೆಳಿಗ್ಗೆ 5:30 ಎಂದು ತೋರಿಸುತ್ತವೆ. ಅದೂ ಈ ಬಗೆಯದೇ.

ಆದಕಾರಣ ನಮೂದಿಸಿದ ಕಾಲಕ್ಕೆ ಒಂದು ಅಂಕಣವಿರಲಿ. ಅದನ್ನು ಯಂತ್ರವೇ ತುಂಬಲಿ. ನಡೆದ ಕಾಲಕ್ಕೆ ಮತ್ತೊಂದಿರಲಿ. ತಿಳಿಯದಿದ್ದರೆ ಅದು ಬರಿದಾಗಿಯೇ ಉಳಿಯಲಿ. ವರ್ಷವಷ್ಟೇ ತಿಳಿದಿದೆಯೋ, ತಿಂಗಳೂ ತಿಳಿದಿದೆಯೋ ಎಂಬುದಕ್ಕೆ ಮೂರನೆಯದೊಂದು ಬೇಕು. ಲಿಪಿಯನ್ನು ನೋಡಿ ‘ಸುಮಾರು’ ಎಂದು ಬರೆದ ವಿದ್ವಾಂಸರು ಮಾಡಿದ್ದೂ ಇಷ್ಟನ್ನೇ.