ಅಣುಲೋಕದ ಒರೆಗಲ್ಲು
(ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಕಣ್ಣಿಗೆ ಕಾಣದ ವಸ್ತುವಿನ ವಿಷಯದಲ್ಲಿ ಆಡಿದ ಮಾತು ದಿಟವೋ ಸಟೆಯೋ ಎಂಬುದನ್ನು ನಿರ್ಣಯಿಸುವ ಬಗೆ ಯಾವದು? ಈ ಪ್ರಶ್ನೆಗೆ ತಮ್ಮ ಆಯುಷ್ಯವನ್ನು ಮೀಸಲಿಟ್ಟ ವಿದ್ವಾಂಸರಲ್ಲಿ ರಸಾಯನ ಇಂಜಿನಿಯರಿಂಗಿನ ಪ್ರಾಧ್ಯಾಪಕರಾದ ಕೀತ್ ಗಬಿನ್ಸ್ ಅವರು ಗಣ್ಯರು. 1937ರಲ್ಲಿ ಇಂಗ್ಲೆಂಡದಲ್ಲಿ ಜನಿಸಿದ ಇವರು ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದಿ, 1962ರಲ್ಲಿ ಕಿಂಗ್ಸ್ ಕಾಲೇಜಿನಿಂದ ಡಾಕ್ಟರ್ ಪದವಿಯನ್ನು ಪಡೆದು, ಅಮೇರಿಕೆಯ ಫ್ಲೋರಿಡಾ ವಿಶ್ವವಿದ್ಯಾಲಯವನ್ನು ಸೇರಿದರು. ಮುಂದೆ 1976ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೂ, 1998ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ತೆರಳಿ ಪಾಠ ಹೇಳಿದರು.

ಕಾರಖಾನೆಯನ್ನು ಕಟ್ಟುವವನಿಗೆ ಯಾವ ದ್ರವವು ಎಷ್ಟು ಕಾವಿಗೆ, ಎಷ್ಟು ಒತ್ತಡಕ್ಕೆ ಆವಿಯಾಗುವದೆಂಬ ಅರಿವು ಬೇಕು. ಅಣುಗಳ ಪರಸ್ಪರ ಸೆಳೆತದಿಂದಲೇ ಇದನ್ನು ಗಣಿಸಿ ಹೇಳುವದು ಸಿದ್ಧಾಂತದ ಕೆಲಸ. ಆದರೆ ಗಣನೆಯು ಪ್ರಯೋಗಕ್ಕೆ ಹೊಂದದಿದ್ದರೆ ತಪ್ಪು ಎಲ್ಲಿಯದು? ಸೆಳೆತವನ್ನು ಊಹಿಸಿದಲ್ಲಿಯೋ, ಗಣಿತವನ್ನು ಸುಲಭಗೊಳಿಸಿದಲ್ಲಿಯೋ? ಹೊಂದಿದರೂ ನಿಶ್ಚಿಂತೆಯಿಲ್ಲ, ಯಾಕಂದರೆ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿರಬಹುದು.

ಈ ಸಂದೇಹಕ್ಕೆ ಗಣಕಯಂತ್ರವು ಒರೆಗಲ್ಲಾಯಿತು. 1953ರಲ್ಲಿ ಲಾಸ್ ಅಲಾಮಾಸಿನ ವಿದ್ವಾಂಸರು ಮಾಂಟೆ ಕಾರ್ಲೋ ವಿಧಾನದಿಂದ ಅಣುಗಳನ್ನು ಲೆಕ್ಕದಲ್ಲಿಯೇ ಚಲಿಸಿ ನೋಡಿದರು. 1964ರಲ್ಲಿ, ಹೈದರಾಬಾದಿನಲ್ಲಿ ಜನಿಸಿದ ಅನೀಸುರ್ ರಹಮಾನ್ ಅವರು ದ್ರವ ಆರ್ಗಾನಿನ 864 ಪರಮಾಣುಗಳ ಚಲನೆಯನ್ನು ಗಣಕಯಂತ್ರದಿಂದ ಗಣಿಸಿದರು. ಯಂತ್ರಕ್ಕೂ ಸಿದ್ಧಾಂತಕ್ಕೂ ಒಂದೇ ಸೆಳೆತವನ್ನು ಕೊಟ್ಟಾಗ ಉತ್ತರಗಳು ಬೇರೆಯಾದರೆ ದೋಷವು ಸಿದ್ಧಾಂತದ ಗಣಿತದ್ದೇ. ಯಂತ್ರದ ಉತ್ತರವು ಪ್ರಯೋಗಕ್ಕೆ ವಿರುದ್ಧವಾದರೆ ದೋಷವು ಊಹಿಸಿದ ಸೆಳೆತದ್ದು. ಹೀಗೆ ಗೋಜು ಬಿಡಿಸಿತು.

ಗಬಿನ್ಸ್ ಅವರು ಈ ಒರೆಗಲ್ಲನ್ನು ಶಿಷ್ಯರ ಕೈಗೂ ಕೊಟ್ಟರು. ನೀರು, ಮದ್ಯಸಾರಗಳ ಅಣುಗಳು ಕೈಹಿಡಿದಂತೆ ಒಂದನ್ನೊಂದು ಬಂಧಿಸುವದರಿಂದ ಹಳೆಯ ಸಮೀಕರಣಗಳು ಅಲ್ಲಿ ಸೋಲುತ್ತಿದ್ದವು. ವರ್ಟ್‌ಹೈಮ್ ಎಂಬವರು 1984ರಲ್ಲಿ ಪ್ರಕಟಿಸಿದ ಗಹನವಾದ ಸಿದ್ಧಾಂತವನ್ನು ಆಧರಿಸಿ, ಗಬಿನ್ಸರೂ ಚಾಪ್‌ಮನ್, ಜ್ಯಾಕ್ಸನ್, ರಾಡೋಸ್ ಎಂಬ ಸಹಕಾರಿಗಳೂ 1989-90ರಲ್ಲಿ 'ಸ್ಯಾಫ್ಟ್' ಎಂಬ ಸಮೀಕರಣವನ್ನು ರಚಿಸಿದರು. ಅಣುವನ್ನು ಗೋಲಗಳ ಸರವೆಂದು ಭಾವಿಸಿದ ಈ ಸಮೀಕರಣದ ಅಂಗಗಳನ್ನು ಯಂತ್ರಗಣನೆಯ ಒರೆಗೆ ಹಚ್ಚಿದ ತರುವಾಯವೇ ದ್ರವಗಳ ಅಳತೆಗೆ ಹೋಲಿಸಿದರು. 1989ರಲ್ಲಿ ಅಮೇರಿಕೆಯ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು.

ವಿದ್ಯಾರ್ಥಿಬಂಧುಗಳೇ, ಉತ್ತರವು ಸರಿಬಂದ ಮಾತ್ರಕ್ಕೆ ದಾರಿಯು ಸರಿಯೆಂದು ಬಗೆಯಲಾಗದು. ಹೊಂದಿಕೆಯನ್ನೂ ಶಂಕಿಸಿ, ತನ್ನ ಮಾತನ್ನು ತಾನೇ ಒರೆಗೆ ಹಚ್ಚುವವನೇ ನಿಜವಾದ ವಿದ್ಯಾವಂತನು.