ಪುಸ್ತಕ ಆರಿಸುವವರೊಬ್ಬರು, ದುಡ್ಡು ತೆರುವವರೊಬ್ಬರು
(ವಾಚನಾಲಯದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ ಬಂದವರೂ ಅಂಗಡಿಯ ಬಾಗಿಲು ಹಾಕಿ ಬಂದವರೂ ಇಲ್ಲಿ ಕೂಡಿದ್ದೀರಿ. ಇಂಥ ಸಭೆಯಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯವೊಂದರ ಗ್ರಂಥಭಂಡಾರದ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ಸಾಲ ಸೋಲ ಮಾಡಿ ಫೀಜು ಕಟ್ಟಿ ಉಸಿರು ಬಿಡುವಷ್ಟರಲ್ಲಿ ಪುಸ್ತಕದ ಪಟ್ಟಿ ಕೈಗೆ ಬರುತ್ತದೆ.

ಈ ವ್ಯಾಪಾರದ ವಿಚಿತ್ರ ಅಂಗಡಿಯವರಿಗೆ ಬೇಗ ತಿಳಿದೀತು. ನಿಮ್ಮ ಗಿರಾಕಿ ತಾನೇ ಸಾಮಾನು ಆರಿಸುತ್ತಾನೆ, ತಾನೇ ದುಡ್ಡು ಕೊಡುತ್ತಾನೆ. ದುಬಾರಿಯಾದರೆ ಪಕ್ಕದಂಗಡಿಗೆ ನಡೆಯುತ್ತಾನೆ. ಕಾಲೇಜಿನ ಪುಸ್ತಕದಲ್ಲಿ ಹಾಗಲ್ಲ. ಆರಿಸುವವರು ಅಧ್ಯಾಪಕರು, ಎಷ್ಟೋ ವೇಳೆ ಅವರಿಗೆ ಪ್ರಕಾಶಕರಿಂದ ಒಂದು ಪ್ರತಿ ಪುಕ್ಕಟೆ ಬರುತ್ತದೆ. ತೆರುವವನು ವಿದ್ಯಾರ್ಥಿ. ಡಾಕ್ಟರು ಚೀಟಿ ಬರೆದು ರೋಗಿ ಔಷಧಿ ಕೊಂಡ ಹಾಗೆ. ಅಮೆರಿಕದ ಸರ್ಕಾರದ ಲೆಕ್ಕದಂತೆಯೇ ಅಲ್ಲಿ ಕಾಲೇಜು ಪುಸ್ತಕಗಳ ಬೆಲೆ 2006ರಿಂದ 2016ರೊಳಗೆ ಶೇಕಡ 88ರಷ್ಟು ಏರಿತು. ಹಳೆಯ ಪುಸ್ತಕ ಕೊಳ್ಳೋಣವೆಂದರೆ ಕೆಲವು ವರ್ಷಕ್ಕೊಮ್ಮೆ ಹೊಸ ಆವೃತ್ತಿ: ಅಧ್ಯಾಯಗಳು ಹಿಂದುಮುಂದು, ಲೆಕ್ಕಗಳ ನಂಬರು ಬೇರೆ. ಅಣ್ಣನ ಪುಸ್ತಕ ತಮ್ಮನಿಗೆ ಆಗದು.

ಆಮ್ಹರ್ಸ್ಟ್ ಎಂಬ ಊರಿನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರು 2011ರಲ್ಲಿ ಒಂದು ಉಪಾಯ ಹೂಡಿದರು. ಪುಸ್ತಕವನ್ನು ಆರಿಸುವ ಕೈಯನ್ನೇ ಹಿಡಿದರು. ಆಡಳಿತದವರೊಡನೆ ಸೇರಿ, ತಲಾ 1,000 ಡಾಲರಿನ ಹತ್ತು ಸಹಾಯಧನಗಳನ್ನು ಅಧ್ಯಾಪಕರ ಮುಂದಿಟ್ಟರು. ಪಡೆದವರು ದುಬಾರಿ ಪುಸ್ತಕವನ್ನು ಕೈಬಿಡಬೇಕು. ಅದರ ಬದಲು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪಾಠಗಳನ್ನು ಹುಡುಕಿ ಜೋಡಿಸಬೇಕು, ಇಲ್ಲವೆ ತಾವೇ ಬರೆಯಬೇಕು, ಅಥವಾ ಗ್ರಂಥಭಂಡಾರ ಆಗಲೇ ಹಣ ತೆತ್ತು ತರಿಸುವ ಲೇಖನಗಳಿಂದ ಪಾಠ ನಡೆಸಬೇಕು. ಹುಡುಕುವುದಕ್ಕೆ ಗ್ರಂಥಪಾಲಕರು ಜೊತೆಗೆ ಕೂಡುತ್ತಾರೆ. ಬರೆದದ್ದನ್ನು ಕಂಪ್ಯೂಟರಿನಲ್ಲಿ ಲೋಕಕ್ಕೆಲ್ಲ ಸಿಗುವಂತೆ ಕಾಪಿಡುವವರೂ ಅವರೇ. ಹತ್ತು ಸಾವಿರ ಡಾಲರಿನ ಖರ್ಚಿಗೆ ಮೊದಲ ವರ್ಷದಲ್ಲಿಯೇ 700ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಒಟ್ಟು 72,000 ಡಾಲರಿಗೂ ಮಿಕ್ಕಿ ಉಳಿಯಿತೆಂದು ಅವರೇ ಲೆಕ್ಕ ಕೊಟ್ಟರು. ಪುಸ್ತಕ ಕೊಳ್ಳಲಾರದೆ, ಪಕ್ಕದವನ ಟಿಪ್ಪಣಿ ನಂಬಿ ಪರೀಕ್ಷೆಗೆ ಕುಳಿತ ಹುಡುಗ ಇಂಥ ಉಳಿತಾಯದ ಲೆಕ್ಕದಲ್ಲಿ ಕಾಣುವುದಿಲ್ಲ. ನಮಗೆ ಮುಖ್ಯನಾದವನು ಅವನೇ.

ಪುಕ್ಕಟೆ ಎಂಬ ಮಾತು ಕೇಳಿದೊಡನೆ ಕಾರ್ಮಿಕನು ಕೇಳಬೇಕಾದ ಪ್ರಶ್ನೆ ಒಂದಿದೆ: ದುಡಿದವನಿಗೆ ಕೂಲಿ ಕೊಟ್ಟವರಾರು? ಇಲ್ಲಿ ಸಾರ್ವಜನಿಕ ಸಂಸ್ಥೆಯೊಂದು ಕೂಲಿಯನ್ನು ಒಂದು ಸಾರಿ ಕೊಟ್ಟಿತು. ಆಮೇಲೆ ಓದುವವರ ಮೇಲೆ ಸುಂಕವಿಲ್ಲ. ಈ ತತ್ವ ಸರಿ. ಆದರೆ ಪಾಠ ಜೋಡಿಸುವುದಕ್ಕೆ ಸಾವಿರ ಡಾಲರು ಒಪ್ಪಬಹುದಾದರೂ ಒಂದು ಇಡೀ ಪುಸ್ತಕ ಬರೆಯುವ ದುಡಿಮೆಗೆ ಅದು ಕೂಲಿಯಲ್ಲ, ಕಾಣಿಕೆ. ಇದನ್ನು ನಾವು ಮುಚ್ಚಿಡತಕ್ಕದ್ದಲ್ಲ.

ಇನ್ನು ಪರವಾನಗಿಯ ಮಾತು. ಸಣ್ಣ ವ್ಯಾಪಾರಿಗಳು ಸ್ವಲ್ಪ ಗಮನವಿಟ್ಟು ಕೇಳಬೇಕು. 2012ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ಒಂದು ಝೆರಾಕ್ಸ್ ಅಂಗಡಿಯ ಮೇಲೆ ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳು ದಾವೆ ಹಾಕಿದವು. ಪಾಠಕ್ಕಾಗಿ ಪ್ರತಿ ತೆಗೆಯುವುದಕ್ಕೆ ಕಾನೂನಿನಲ್ಲಿ ಎಡೆಯಿದೆಯೆಂದು 2016ರಲ್ಲಿ ಹೈಕೋರ್ಟು ಹೇಳಿತು. 2017ರಲ್ಲಿ ಪ್ರಕಾಶಕರು ದಾವೆ ಹಿಂದಕ್ಕೆ ತೆಗೆದುಕೊಂಡರು. ಅಂಗಡಿಯವನು ಗೆದ್ದ, ನಿಜ. ಅಷ್ಟು ವರ್ಷ ಕೋರ್ಟಿನ ತೂಗುಗತ್ತಿ ತಲೆಯ ಮೇಲಿತ್ತು. ಮುಕ್ತ ಪುಸ್ತಕದಲ್ಲಿ ಈ ಭಯವಿಲ್ಲ, ಪರವಾನಗಿ ಓದಿಕೊಂಡರೆ. 2002ರಿಂದ ನಡೆದುಬಂದಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಈಗ ಆರು ಬಗೆ. ಬರೆದವರ ಹೆಸರು ಹೇಳಿದರೆ ಸಾಕೆನ್ನುವ ಬಗೆಯದಾದರೆ ನಮ್ಮೂರಿನ ಮುದ್ರಕನೂ ಅಚ್ಚು ಹಾಕಿ ಮಾರಬಹುದು. ವ್ಯಾಪಾರ ಸಲ್ಲದು ಎಂದಿದ್ದರೆ ಲಾಭಕ್ಕೆ ಮಾರುವಂತಿಲ್ಲ. ಬದಲಾವಣೆ ಸಲ್ಲದು ಎಂದಿದ್ದರೆ ಕನ್ನಡಕ್ಕೆ ಅನುವಾದ ಮಾಡಿ ಹಂಚುವಂತೆಯೂ ಇಲ್ಲ. ಪುಕ್ಕಟೆ ಓದಬಹುದು, ಇಂಗ್ಲಿಷಿನಲ್ಲಿಯೇ ಓದಬೇಕು! ಇಂಥ ಪುಸ್ತಕವನ್ನು ಮುಕ್ತವೆನ್ನಲು ನಮಗೆ ಬಾಯಿ ಬಾರದು. ಈ ಭೇದಗಳನ್ನು ಅಧ್ಯಾಪಕರಿಗೆ ಬಿಡಿಸಿ ಹೇಳುವುದು ಗ್ರಂಥಪಾಲಕರ ಕೆಲಸಗಳಲ್ಲಿ ಮುಖ್ಯವಾದುದು.

ನಮ್ಮ ನಾಡಿನಲ್ಲಿಯೂ ಶಾಲೆಯ ಅಧ್ಯಾಪಕರೇ ಕೂಡಿ ಕನ್ನಡದಲ್ಲಿ ಮುಕ್ತ ಪಾಠಗಳನ್ನು ಬರೆಯುವ ಕೆಲಸ ಸರ್ಕಾರದ ಆಶ್ರಯದಲ್ಲಿ 2013ರ ಸುಮಾರಿಗೆ ಮೊದಲಾಯಿತು. ಶಾಲೆಗೆ ಆದದ್ದು ಕಾಲೇಜಿಗೆ ಆಗಬಾರದೇಕೆ?

ಮಕ್ಕಳ ಪುಸ್ತಕದ ಪಟ್ಟಿ ಇದ್ದವರು ಸಭೆ ಮುಗಿದ ಮೇಲೆ ನಮ್ಮ ಕೈಗೆ ಕೊಡಿ. ಸೋಮವಾರ ನಾವು ನಾಲ್ಕು ಜನ ಕಾಲೇಜಿನ ಗ್ರಂಥಪಾಲಕರ ಬಳಿಗೆ ಹೋಗುವವರಿದ್ದೇವೆ. ಪಟ್ಟಿಯಲ್ಲಿರುವ ಯಾವ ಯಾವ ಪುಸ್ತಕಕ್ಕೆ ಬದಲಾಗಿ ಮುಕ್ತ ಪುಸ್ತಕವಿದೆ ಎಂದು ಅವರನ್ನೇ ಕೇಳುತ್ತೇವೆ.